ಒಂದು ಗುಳಿಗೆ ಹೆಚ್ಚಿಗೆ

ಮೂವತ್ತೊಂದು ವರ್ಷದ ಸಂಸಾರದಲ್ಲಿ ಹಾಲೇಶಪ್ಪ ಹೆಂಡತಿಯ ಮೇಲೆ ಮೊದಲ ಸಲ ಕೈ ಮಾಡಿದ್ದು ಒಂದು ಬುಧವಾರ ಮಧ್ಯಾಹ್ನ, ರೊಟ್ಟಿಯ ತಟ್ಟೆ ಮುಂದಿಟ್ಟಿದ್ದಕ್ಕೆ. ತಟ್ಟೆ ಹೋಗಿ ಗೋಡೆಗೆ ಬಡಿಯಿತು. ಬದನೆಕಾಯಿ ಪಲ್ಯ ಕ್ಯಾಲೆಂಡರಿನ ಮೇಲೆಲ್ಲ ಸಿಡಿಯಿತು. "ಯಾಕ್ರೀ, ಏನಾತು?" ಎಂದು ಶಂಕರಮ್ಮ ಕೇಳುವಷ್ಟರಲ್ಲಿ ಅಂಗೈ ಬಂದು ಅವಳ ಎಡಗಿವಿಗೆ ಅಪ್ಪಳಿಸಿತು. ಅದು ಯಾವನೋ ಗುಮಾಸ್ತನ ಅಂಗೈ ಅಲ್ಲ. ಹರೆಯದಲ್ಲಿ ಹೊನ್ನಾಳಿಯಿಂದ ಜಗಳೂರಿನವರೆಗೆ ಯಾವ ಅಖಾಡಕ್ಕೆ ಇಳಿದರೂ ಎದುರಾಳಿಯ ಬೆನ್ನಿಗೆ ಮಣ್ಣು ಮುಟ್ಟಿಸದೆ ಮೇಲೆ ಬಾರದಿದ್ದ ಪೈಲ್ವಾನನ ಅಂಗೈ. ಶಂಕರಮ್ಮ ನೀರಿನ ಕೊಡದ ಸಮೇತ ನೆಲಕ್ಕೆ ಬಿದ್ದಳು.

ಅವನು ಅಲ್ಲೇ ಮಗ್ಗುಲಾಗಿ ಮಲಗಿದ. ಯಾವಾಗಲೋ ಎದ್ದು, ಮುಂದೆ ಬಿದ್ದಿದ್ದ ರೊಟ್ಟಿಯನ್ನೇ ಕೈಗೆತ್ತಿಕೊಂಡು ತಿಂದ. ಸಂಜೆಯ ಹೊತ್ತಿಗೆ ಕ್ಯಾಲೆಂಡರಿನ ಕಡೆ ನೋಡಿ, "ಇದೇನೇ ಇದು, ಇಷ್ಟು ಗಲೀಜು?" ಎಂದು ಕೇಳಿದ. ಹೊಡೆತಕ್ಕಿಂತ ಆ ಮಾತು ಅವಳಿಗೆ ಹೆಚ್ಚು ಉರಿಯಿತು. ಹೊಡೆದು, ಮರುಗಳಿಗೆ ಏನೂ ಆಗದವರಂತೆ ಮಾತಾಡುವ ಗಂಡಸರನ್ನು ಅವಳು ತಮ್ಮೂರು ಗೋವಿನಕೋವಿಯಲ್ಲಿ ಬೇಕಾದಷ್ಟು ನೋಡಿದ್ದಳು. ತನ್ನ ಗಂಡ ಅಂಥವನಲ್ಲ ಎಂದು ನಾಲ್ಕು ಜನರ ಮುಂದೆ ಜಂಬ ಪಟ್ಟುಕೊಂಡಿದ್ದಳು ಕೂಡ. ಊದಿ ಕೇಳಿಸದಾಗಿದ್ದ ಕಿವಿಯ ಮೇಲೆ ಸೆರಗು ಎಳೆದುಕೊಂಡು ಕ್ಯಾಲೆಂಡರು ಒರೆಸಿದಳು.

ಹಾಲೇಶಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಏಳು ವರ್ಷವಾಗಿತ್ತು. ಆಗ ಗಂಟೆಗೆರಡು ಸಲ ಉಚ್ಚೆಗೆ ಎದ್ದು ಹೋಗುತ್ತಿದ್ದವನನ್ನು ಕರೆದುಕೊಂಡು ಹೋದಾಗ ಡಾಕ್ಟರು ಒಂದು ಮಾತು ಹೇಳಿದ್ದರು, "ಪದೇ ಪದೇ ಹೋಗ್ತಿದ್ದಾರೆ ಅಂದ್ರೆ ಸಕ್ಕರೆ ಏರಿದೆ ಅಂತ ತಿಳ್ಕೊಳಮ್ಮ." ಬೆಳಗ್ಗೆ ಒಂದು, ಸಂಜೆ ಒಂದು ಗುಳಿಗೆ ಬರೆದುಕೊಟ್ಟರು. ಗುಳಿಗೆಯ ಉಸ್ತುವಾರಿ ಶಂಕರಮ್ಮನದು. ಅವಳು ಅದನ್ನು ವ್ರತದ ಹಾಗೆ ನಡೆಸಿದಳು. ಅವತ್ತಿನಿಂದ ಮನೆಯೊಳಗೆ ಒಂದು ಹರಳು ಸಕ್ಕರೆ, ಒಂದು ಚೂರು ಬೆಲ್ಲ ಬರಲಿಲ್ಲ. ಬಂದ ನೆಂಟರಿಗೂ ಸಪ್ಪೆ ಚಹಾವೇ.

ಆ ಬುಧವಾರದ ಹಿಂದಿನ ತಿಂಗಳು ಅವನಿಗೆ ಸೊಂಟದ ಪಕ್ಕದಲ್ಲಿ ನೋವು ಎದ್ದಿತು. ಪೈಲ್ವಾನ ಅಂಗಳದಲ್ಲಿ ಹೊರಳಾಡಿ ಕೂಗಿದ. ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದರೆ ಕಿಡ್ನಿಯಲ್ಲಿ ಕಲ್ಲು. ಕಲ್ಲಿನ ಡಾಕ್ಟರು ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಲು ಹೇಳಿದರು. ಸಕ್ಕರೆಗೆ ಯಾವ ಗುಳಿಗೆ ನುಂಗುತ್ತೀಯ ಎಂದು ಅವರು ಕೇಳಲಿಲ್ಲ, ಇವರೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ಕಂಡಕಂಡವರೆಲ್ಲ ಡಾಕ್ಟರಾದರು. ಬಾಳೆದಿಂಡಿನ ರಸ ಕುಡಿಸು ಎಂದರೊಬ್ಬರು, ಹುರುಳಿ ಕಟ್ಟು ಕುಡಿಸು ಎಂದರೊಬ್ಬರು. ನೀರು, ರಸ, ಕಟ್ಟು ಎಲ್ಲ ಹೊಟ್ಟೆಗೆ ಇಳಿಯಿತು. ನೋವಿಗೆ ವಾಂತಿಯಾಗಿ ಅನ್ನ, ರೊಟ್ಟಿ ಮಾತ್ರ ಇಳಿಯಲಿಲ್ಲ.

ಅಷ್ಟು ಕುಡಿದವನು ಹೊರಗೆ ಹೋಗದೆ ಇರುತ್ತಾನೆಯೇ? ಶಂಕರಮ್ಮ ಎಣಿಸತೊಡಗಿದಳು. ಬೆಳಗಿನಿಂದ ಮಧ್ಯಾಹ್ನದೊಳಗೆ ಎಂಟು ಸಲ. ಮರುದಿನ ಹತ್ತು. ಸಕ್ಕರೆ ಏರಿದೆ ಎಂದುಕೊಂಡಳು. ಏಳು ವರ್ಷದ ಹಿಂದಿನ ಡಾಕ್ಟರ ಮಾತು ಅವಳಿಗೆ ವೇದ. ಎಂಟು ದಾಟಿದರೆ ಒಂದು ಗುಳಿಗೆ ಹೆಚ್ಚಿಗೆ ಎಂದು ತಾನೇ ಲೆಕ್ಕ ಹಾಕಿಕೊಂಡಳು. "ನುಂಗ್ರಿ" ಎಂದರೆ ಅವನು ನುಂಗುತ್ತಿದ್ದ. ಕುಡಿದ ನೀರು ಹೊರಗೆ ಬರಲೇಬೇಕಲ್ಲ ಎಂದು ಹೇಳುವ ಒಬ್ಬ ಪುಣ್ಯಾತ್ಮನೂ ಅವಳಿಗೆ ಸಿಗಲಿಲ್ಲ.

ಎರಡನೇ ಸಲ ಅವನು ರೇಗಿದ್ದು ಅದೇ ವಾರದ ಶುಕ್ರವಾರ. ಸೌದೆ ಕೊರಡಿನಿಂದ ಟಿವಿ ಒಡೆದ. ತಡೆಯಲು ಹೋದವಳ ಜುಟ್ಟು ಹಿಡಿದು ಹಟ್ಟಿಯಿಂದ ಬೀದಿಯವರೆಗೆ ಎಳೆದ. ಕಲ್ಲಿಗೆ ತಾಗಿ ಅವಳ ತುಟಿ ಸೀಳಿತು. ಅವನ ನಾಲಿಗೆ ತೊದಲುತ್ತಿತ್ತು, ಕಾಲು ತೂರಾಡುತ್ತಿತ್ತು. ನೋಡಿದವರು, "ಹಾಲೇಶಣ್ಣ ಈ ವಯಸ್ಸಿನಾಗೆ ಕುಡಿಯಾಕೆ ಕಲ್ತವ್ನೆ" ಎಂದು ತೀರ್ಮಾನ ಮಾಡಿದರು. ಬಾಯಿ ಮೂಸಿ ನೋಡಿದವನು ಒಬ್ಬನೂ ಇಲ್ಲ. ಮೂಸಬಹುದಾಗಿದ್ದ ಶಂಕರಮ್ಮನಿಗೆ ಅವನ ಹತ್ತಿರ ಹೋಗಲು ಧೈರ್ಯವಿರಲಿಲ್ಲ. ಜಗಳೂರಿಗೆ ಕೊಟ್ಟಿದ್ದ ಮಗಳು ಶೈಲಾಗೆ ಫೋನು ಮಾಡಿ ಅತ್ತಳು. "ಇದ್ದ ಮನುಷ್ಯ ಹೋದ ಕಣೆ. ಇವನ್ಯಾರೋ ಬ್ಯಾರೆಯವನು. ನಂಗೆ ಆ ಮೊದ್ಲಿನವರೇ ಬೇಕು" ಎಂದಳು. ಮಗಳು ಕೆರೆಬಿಳಚಿಯ ಸೋದರಮಾವನಿಗೆ ಫೋನು ಮಾಡಿದಳು.

ಶಂಕರಮ್ಮನ ತಮ್ಮ ಷಣ್ಮುಖಪ್ಪ ಭಾನುವಾರ ಬೆಳಗ್ಗೆ ಹತ್ತಕ್ಕೆಲ್ಲ ಬಂದಿಳಿದ. ಜೊತೆಗೆ ಎದೆಯುಬ್ಬಿಸಿಕೊಂಡ ಮಗ ಓಂಕಾರ್, ಕೈಯಲ್ಲಿ ಬಿದಿರಿನ ದೊಣ್ಣೆ. ಅಕ್ಕನ ತುಟಿ ನೋಡಿದವನೇ ಕೆಂಡವಾದ.

"ಅಕ್ಕಾ, ಬಟ್ಟೆ ಕಟ್ಕಂಡು ಆಟೋ ಹತ್ತು. ಈ ನನ್ಮಗನ್ನ ಇವತ್ತು ನೆಟ್ಟಗೆ ನಿಂತ್ಕಣಾಕೆ ಬಿಟ್ರೆ ಕೇಳು."

"ಬ್ಯಾಡಪ್ಪ, ಹೊಡೀಬ್ಯಾಡ. ಮೊದ್ಲು ಮಾತಾಡ್ಸು. ಯಾಕೋ ಬೆಳಗ್ಗೆಯಿಂದ ನೀರು ಬಿಟ್ರೆ ಏನೂ ತಿಂದಿಲ್ಲ" ಎಂದಳು. ಅಷ್ಟರಲ್ಲಾಗಲೇ ಹಾಲೇಶಪ್ಪ ಒಂಬತ್ತು ಸಲ ಹಿತ್ತಲಿಗೆ ಹೋಗಿ ಬಂದಿದ್ದ. ಇಷ್ಟು ಬೇಗ ಎಂಟು ದಾಟಿತೆಂದು ಬೆಳಗಿನ ಗುಳಿಗೆಯ ಮೇಲೆ ಲೆಕ್ಕದ ಒಂದರ ಬದಲು ಎರಡು ಅವಳೇ ಕೊಟ್ಟಿದ್ದಳು.

ಹಾಲೇಶಪ್ಪ ಕಟ್ಟೆಯ ಮೇಲೆ ಕೂತಿದ್ದ. ಅಂಗಿ ಒದ್ದೆಮುದ್ದೆ. "ಏನೋ ಭಾವ, ಹೆಂಗಸಿನ ಮೇಲೆ ಕೈ ಮಾಡಾ ಗಂಡಸಾದೇನೋ?" ಎಂದು ಷಣ್ಮುಖಪ್ಪ ಅವನ ಎದೆಗೆ ದೊಣ್ಣೆ ಊರಿದ. ಹಾಲೇಶಪ್ಪ ಮುಖ ಎತ್ತಿದ. ಆ ಕಣ್ಣಲ್ಲಿ ಗುರುತು ಎನ್ನುವುದೇ ಇರಲಿಲ್ಲ. ಓಂಕಾರ್ ಭುಜಕ್ಕೆ ಕೈ ಹಾಕಿದ್ದೇ ತಡ, ತಲೆಗೆ ಮರೆತದ್ದು ಮೈಗೆ ನೆನಪಿತ್ತೇನೋ, ಇಪ್ಪತ್ತನಾಲ್ಕರ ಹುಡುಗನನ್ನು ಸೊಂಟಕ್ಕೆ ಹಿಡಿದು ಎತ್ತಿ ಮೆಟ್ಟಿಲ ಮೇಲೆ ಒಗೆದ. ಓಂಕಾರನ ಮುಂದಿನ ಹಲ್ಲೆರಡು ಮುರಿದು ಬಾಯಿ ತುಂಬ ರಕ್ತವಾಯಿತು. ಷಣ್ಮುಖಪ್ಪ ದೊಣ್ಣೆ ಬೀಸಿದ. ಹಾಲೇಶಪ್ಪನ ಬಲಗೈ ಮುಂಗೈ ಹತ್ತಿರ ಲಟಕ್ಕೆಂದದ್ದು ಶಂಕರಮ್ಮನ ಕೇಳದ ಕಿವಿಗೂ ಕೇಳಿಸಿತು.

ಅವನು ಚೀರಲಿಲ್ಲ. ಮುರಿದ ಕೈ ಜೋತಾಡಿಸಿಕೊಂಡೇ ಮುಂದೆ ಬಂದು ಎಡಗೈಯಲ್ಲಿ ಷಣ್ಮುಖಪ್ಪನ ಗಂಟಲು ಹಿಡಿದು ಗೋಡೆಗೆ ಒತ್ತಿದ. ಷಣ್ಮುಖಪ್ಪನ ಕಣ್ಣು ಮೇಲಾದವು, ಕಾಲು ಬಡಿದುಕೊಂಡವು. ಒಡಹುಟ್ಟಿದವನು ಕಣ್ಣೆದುರೇ ಸಾಯುತ್ತಿದ್ದಾನೆ, ಕೊಲ್ಲುತ್ತಿರುವವನು ಕಟ್ಟಿಕೊಂಡ ಗಂಡ. ಶಂಕರಮ್ಮ ಸೌದೆ ಕೊರಡು ತೆಗೆದು ಗಂಡನ ಮೊಣಕಾಲ ಹಿಂದೆ ಬಲವಾಗಿ ಹೊಡೆದಳು. ಒಂದಲ್ಲ, ಮೂರು ಸಲ. ಅವನು ಕುಸಿದ. ಕುಸಿದವನ ಮೇಲೆ ಅಪ್ಪ ಮಗ ಇಬ್ಬರೂ ಬಿದ್ದು ಹೊಟ್ಟೆ, ಪಕ್ಕೆ ನೋಡದೆ ಒದ್ದರು. "ಬಿಡ್ರೋ, ಬಿಡ್ರೋ" ಎಂದು ಅವಳು ಬಡಿದುಕೊಂಡಳು. ಕೇಳುವವರಾರು?

ಗಲಾಟೆಗೆ ಎದುರುಮನೆಯ ನೇತ್ರಾವತಿ ಓಡಿ ಬಂದಳು. ಆಶಾ ಕಾರ್ಯಕರ್ತೆ, ಶುಕ್ರವಾರ ಡ್ಯೂಟಿ ಮೇಲೆ ಊರಾಚೆ ಇದ್ದವಳು. ಗಟ್ಟಿ ಗಂಟಲಿನ ಹೆಂಗಸು, ಓಂಕಾರನ ಕಾಲರ್ ಹಿಡಿದೇ ಆಚೆ ಎಳೆದಳು. ಹಾಲೇಶಪ್ಪನ ಹಣೆ ಮುಟ್ಟಿದಳು, ಬಾಯಿ ಮೂಸಿದಳು.

"ಇದು ಕುಡ್ತ ಅಲ್ಲ. ಮೈ ತಣ್ಣಗೈತೆ, ಬೆವರು ನೋಡು ಹೆಂಗೆ ಸುರೀತೈತೆ. ಶಂಕ್ರಮ್ಮಕ್ಕ, ಏನು ತಿಂದವ್ರೆ? ಗುಳಿಗೆ ಎಷ್ಟು ಕೊಟ್ಟೆ?"

"ಏನೂ ತಿಂದಿಲ್ಲ. ಗುಳಿಗೆ ಮೂರು. ಒಂಬತ್ತು ಸಲ ಹೋಗಿ ಬಂದ್ರಲ್ಲ, ಸಕ್ಕರೆ ಏರೈತೆ ಅಂತ..."

"ಅಯ್ಯೋ ನಿನ್ನ ಬುದ್ಧಿಗಿಷ್ಟು! ನೀರು ಕುಡಿದವ್ರು ಹೋಗ್ದೇ ಇರ್ತಾರಾ? ಸಕ್ಕರೆ ಏರಿಲ್ಲ, ಪೂರ್ತಿ ಇಳಿದೈತೆ. ಮೆದುಳಿಗೇ ಸಕ್ಕರೆ ಇಲ್ಲ ಅಂದ್ರೆ ಮನುಷ್ಯ ಹಿಂಗೇ ಆಗೋದು, ಮೈಮೇಲೆ ಖಬರಿರಲ್ಲ. ಸಕ್ಕರೆ ತಗಂಬಾ, ಓಡು!"

ಶಂಕರಮ್ಮ ಓಡಲಿಲ್ಲ. ಎಲ್ಲಿಗೆ ಓಡುವುದು? ಏಳು ವರ್ಷದಿಂದ ಆ ಮನೆಯಲ್ಲಿ ಸಕ್ಕರೆಯೇ ಇರಲಿಲ್ಲ. ನೇತ್ರಾವತಿ ಬೈದುಕೊಳ್ಳುತ್ತಾ ತನ್ನ ಮನೆಗೇ ಓಡಿದಳು. ಅಷ್ಟರಲ್ಲಿ ಹಾಲೇಶಪ್ಪನ ಮೈ ಸೆಟೆದು ಅದುರತೊಡಗಿತು. ನೇತ್ರಾವತಿ ಬೊಗಸೆ ಸಕ್ಕರೆಗೆ ನೀರು ಚಿಮುಕಿಸಿಕೊಂಡು ಬಂದಾಗ ಷಣ್ಮುಖಪ್ಪ ಗಂಟಲು ನೀವಿಕೊಳ್ಳುತ್ತಾ ಅಡ್ಡ ನಿಂತ.

"ಸಕ್ಕರೆ ಕಾಯಿಲೆಯವ್ನಿಗೆ ಸಕ್ಕರೆ ತಿನ್ನಿಸ್ತೀಯಾ? ಸತ್ರೆ ನಮ್ಮ ಮೇಲೆ ಬರ್ತೈತೆ. ಸುಮ್ನಿರು, ತಾನಾಗೇ ತಣ್ಣಗಾಗ್ತಾನೆ."

ಶಂಕರಮ್ಮ ತಮ್ಮನ ಮುಖ ನೋಡಿದಳು. ತಣ್ಣಗಾದರೆ ಅವನಿಗೆ ಬೇಜಾರಿಲ್ಲ ಎನ್ನುವುದು ಅಲ್ಲಿ ಬರೆದಿಟ್ಟಂತಿತ್ತು. ನೇತ್ರಾವತಿಯ ಮಾತು ನಿಜವಾದರೆ ತಾನೇ ಗಂಡನನ್ನು ಈ ಗತಿಗೆ ತಂದವಳು. ಸುಳ್ಳಾದರೆ ಈಗ ಸಕ್ಕರೆ ತಿನ್ನಿಸಿ ತಾನೇ ಅವನನ್ನು ಕೊಂದವಳು. ತಮ್ಮನನ್ನು ಎರಡೂ ಕೈಯಿಂದ ನೂಕಿ ಸಕ್ಕರೆಗೆ ಬೆರಳು ಅದ್ದಿದಳು.

"ಮಗ್ಗುಲಾಗಿ ಮಲಗ್ಸು. ಗಂಟಲಿಗೆ ಸುರೀಬ್ಯಾಡ, ಕೆನ್ನೆ ಒಳಗೆ ಸವರು" ಎಂದಳು ನೇತ್ರಾವತಿ.

ಬೆರಳು ಒಳಗೆ ಹೋದದ್ದೇ ಹಲ್ಲು ಕಚ್ಚಿಕೊಂಡವು. ತೋರುಬೆರಳಿನ ಮೂಳೆಗೆ ಹಲ್ಲು ತಾಗಿದ್ದು ಅವಳಿಗೆ ಗೊತ್ತಾಯಿತು. ಷಣ್ಮುಖಪ್ಪ ಭಾವನ ದವಡೆಗೆ ಗುರಿಯಿಟ್ಟು ದೊಣ್ಣೆ ಎತ್ತಿದ. "ಮುಟ್ಟಿದ್ರೆ ನಿನ್ನ ತಲೆ ಒಡೀತೀನಿ!" ಎಂದು ಅವಳು ಕಿರುಚಿದ ರಭಸಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವಳು ಬೆರಳು ಕೀಳಲಿಲ್ಲ. ಹಲ್ಲು ಸಡಿಲವಾದ ಪ್ರತಿ ಗಳಿಗೆಗೂ ಇನ್ನಷ್ಟು ಸಕ್ಕರೆ ತಳ್ಳಿದಳು. ರಕ್ತ, ಜೊಲ್ಲು, ಸಕ್ಕರೆ ಸೇರಿ ಅವನ ಗದ್ದದಿಂದ ಇಳಿಯುತ್ತಿತ್ತು. "ಬನ್ರೀ, ವಾಪಸ್ ಬನ್ರೀ" ಎಂದು ಅಳುತ್ತಲೇ ಇದ್ದಳು.

ಹತ್ತು ನಿಮಿಷವೋ, ಹದಿನೈದೋ. ಅದುರುವುದು ನಿಂತಿತು. ಹಲ್ಲು ತಾವಾಗಿಯೇ ಬಿಟ್ಟವು. ಹಾಲೇಶಪ್ಪ ಕಣ್ಣು ತೆರೆದು, ನಿದ್ದೆಯಿಂದ ಎದ್ದವನಂತೆ ಸುತ್ತ ನೋಡಿದ.

"ಷಣ್ಮುಖ, ಯಾವಾಗ ಬಂದ್ಯೋ? ಒಳಗೆ ಕೂತ್ಕ ಬಾ" ಎಂದ. ಆಮೇಲೆ ಅವನ ಕಣ್ಣು ಹೆಂಡತಿಯ ಕಡೆ ತಿರುಗಿತು. ಸೆರಗು ಜಾರಿತ್ತು. ನೀಲಿಗಟ್ಟಿದ ಕಿವಿ, ಸೀಳಿದ ತುಟಿ, ಮಾಂಸ ಕಾಣುವ ಬೆರಳು ಎಲ್ಲವೂ ಬೆಳಕಿಗೆ ಬಿದ್ದಿದ್ದವು. ಅವನ ಕತ್ತಿನ ನರ ಉಬ್ಬಿತು.

"ಯಾವನೇ ಹೊಡದದ್ದು ನಿನ್ನ? ಹೆಸರು ಹೇಳು ಶಂಕ್ರಿ. ನನ್ನ ಹೆಂಡ್ತಿ ಮೇಲೆ ಎತ್ತಿದ ಕೈ ಮುರೀದೇ ಬಿಡಲ್ಲ ನಾನು!"

ಷಣ್ಮುಖಪ್ಪ ದೊಣ್ಣೆಯನ್ನು ಬೆನ್ನ ಹಿಂದೆ ಸರಿಸಿದ. ನೇತ್ರಾವತಿ ಆಂಬುಲೆನ್ಸಿಗೆ ಫೋನು ಮಾಡುವ ನೆಪದಲ್ಲಿ ಬೀದಿಗೆ ಹೋದಳು.

"ಮುರಿದೈತೆ ರೀ" ಎಂದಳು ಶಂಕರಮ್ಮ.

ಅವನಿಗೆ ಅರ್ಥವಾಗಲಿಲ್ಲ. ಎದ್ದು ಕೂರಲು ಬಲಗೈ ಊರಿದ, ನೋವಿಗೆ ಹಾ ಎಂದು ಚೀರಿದ, ಸೊಟ್ಟಗೆ ತಿರುಗಿದ ತನ್ನ ಮುಂಗೈಯನ್ನು ನೋಡಿದ.

"ನಾನಾ?"

ಅವಳು ಹೌದೆಂದು ತಲೆ ಆಡಿಸಿದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಿಲ್ಲಿಸಲು ಅವಳಿಂದ ಆಗಲಿಲ್ಲ. "ಗುಳಿಗೆ ಹೆಚ್ಚಿಗೆ ಕೊಟ್ಟಾಕಿ ನಾನು ರೀ. ದಿನಾ ಕೊಟ್ಟೆ. ನಿಮ್ಮದೇನೂ ತಪ್ಪಿಲ್ಲ" ಎಂದು ಅವನ ಕಾಲ ಮೇಲೆ ಹಣೆಯಿಟ್ಟು ಅತ್ತಳು. ಅವನು ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಅವಳ ಕಿವಿಯನ್ನೇ ನೋಡುತ್ತಿದ್ದ.

ಆಂಬುಲೆನ್ಸಿನಲ್ಲಿ ಬೆರಳು ಚುಚ್ಚಿ ನೋಡಿದರೆ, ಅಷ್ಟು ಸಕ್ಕರೆ ತಿಂದ ಮೇಲೂ ಐವತ್ತೆಂಟೇ, ಎಪ್ಪತ್ತರ ಮೇಲಾದರೂ ಇರಬೇಕಿತ್ತು. ಗ್ಲೂಕೋಸ್ ಹಾಕಬೇಕು, ಎಡಗೈ ಚಾಚಿ ಎಂದು ನರ್ಸು ಎರಡು ಸಲ ಹೇಳಿದಳು. ಶಂಕರಮ್ಮ ಪಕ್ಕದಲ್ಲಿ ಬಂದು ಕೂತಳು. ಹಾಲೇಶಪ್ಪ ಕೈ ಚಾಚಲಿಲ್ಲ. ಅವಳಿಂದ ಆಚೆ ಸರಿದು, ನೆಟ್ಟಗಿದ್ದ ಆ ಒಂದು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆ ತನ್ನ ಭಾರವೆಲ್ಲ ಬಿಟ್ಟು ಕೂತ. "ಕಾಲಿಗೇ ಚುಚ್ಚವ್ವ" ಎಂದ. ಹೊನ್ನಾಳಿ ಮುಟ್ಟುವವರೆಗೂ ಅದನ್ನು ಹೊರಗೆ ತೆಗೆಯಲಿಲ್ಲ.