ಬುಡವಿಲ್ಲದ ಪಟ್ಟಿಗಳು

ಅಂಟಿನ ವಾಸನೆ, ಹಸಿ ಅಂಟು, ಈಗಷ್ಟೇ ಹಚ್ಚಿದ್ದು, ಹಾಲಿನ ವಾಸನೆಯನ್ನೂ ಮೀರಿ ಮೂಗಿಗೆ ಬರುತ್ತಿದೆ, ತಾನು ಬರುವ ಮೊದಲೇ ಏನನ್ನೋ ಅಂಟಿಸಿ ಮುಗಿಸಿದ್ದಾರೆ ಎಂದುಕೊಂಡು ದೇವಕ್ಕ ಡೇರಿಯ ಹೊಸ್ತಿಲಲ್ಲೇ ನಿಂತಳು, ಎದುರಿನ ಗೋಡೆಗೆ ಒಂದು ಹಳೇ ಸೀರೆಯ ಪರದೆ, ಪರದೆ ಯಾಕೆ, ಮುಚ್ಚಿಡುವಂಥದ್ದು ಏನಿದೆ — ಬರ್ರಿ ದೇವಕ್ಕಾ, ಮುಂದ ಬರ್ರಿ, ಇಲ್ಲಿ ಕುಂದರ್ರಿ, ಸಂಘದ ಅಧ್ಯಕ್ಷೆ ಸಾವಿತ್ರೆವ್ವ ಸೆರಗಿನಿಂದ ಕುರ್ಚಿ ಒರೆಸುತ್ತಾಳೆ, ಹೆಂಗಸರು ತಂದ ಹಾಲಿನ ಜಿಡ್ಡು, ಅದೇ ಫ್ಯಾಟ್, ಯಂತ್ರದಲ್ಲಿ ನೋಡುತ್ತ ಹದಿನೆಂಟು ವರ್ಷ ಈ ಕೋಣೆಯಲ್ಲಿ ನಿಂತವಳಿಗೆ ಒಮ್ಮೆಯೂ ಕುರ್ಚಿ ಒರೆಸಿ ಕೊಟ್ಟವರಿಲ್ಲ, ಇವತ್ತು ಒರೆಸುತ್ತಾರೆ, ಕೆಲಸ ಬಿಡಿಸಿ ಕಳಿಸುವವರಿಗೆ ಮಾಡುವ ಮರ್ಯಾದೆ ಇದು. ಎಂಟು ತಿಂಗಳ ಹಿಂದೆ ಇಲ್ಲಿಯೇ ಬಿದ್ದದ್ದು, ಕೈಯಿಂದ ಜಾರಿದ ಸೌಟು ದೂರ ಉರುಳಿದ್ದು ಕಂಡಿತ್ತು, ಅದರ ಹೆಸರು ಮಾತ್ರ ಸಿಗಲಿಲ್ಲ, ಲಕ್ವಾ ಅಂದರು, ಕೈ ಬಂತು, ಕಾಲು ಬಂತು, ಮಾತು ಬರಲಿಲ್ಲ, ಒಳಗೆ ಎಲ್ಲ ಇದೆ, ಬಾಯಿಗೆ ಬರುವಷ್ಟರಲ್ಲಿ ಬೇರೇನೋ ಆಗಿ ಬೀಳುತ್ತದೆ, ನೀರು ಕೇಳಹೋದರೆ ನಾಲಿಗೆ ಬಾಗಿಲು ಅನ್ನುತ್ತದೆ, ಅಕ್ಷರ ನೋಡಿದರೆ ಇರುವೆಗಳ ಹಾಗೆ ಹರಿದು ಹೋಗುತ್ತವೆ, ಆದರೂ ಎರಡು ಲೋಟ ಮುಂದಿಟ್ಟರೆ ಹೆಚ್ಚು ಯಾವುದು ಕಡಿಮೆ ಯಾವುದು ಈಗಲೂ ತೋರಿಸುತ್ತಾಳೆ, ಅದನ್ನು ಯಾರೂ ಕೇಳುವುದಿಲ್ಲ. ಮಾತ ಬರಲಾರದಾಕಿ ಕುಂತ್ರ ಛಲೋನ ಬಿಡವಾ, ಜಗಳರ ಕಡಿಮಿ ಆಗತಾವು, ಹಿಂದಿನ ಸಾಲಿನಲ್ಲಿ ಬಾಯವ್ವನ ದನಿ, ಕಿಸಕ್ಕನೆ ನಾಲ್ಕು ಜನ ನಕ್ಕರು, ತಾನು ಕಿವುಡಿಯಾಗಿಲ್ಲ ಎಂಬುದು ಇವರಿಗೆ ಯಾವಾಗ ತಿಳಿಯುತ್ತದೆ. ಮಹಾನಂದಾ ಮಾತ್ರ ನಗಲಿಲ್ಲ, ಎಂಟು ತಿಂಗಳಿಂದ ಫ್ಯಾಟ್ ನೋಡುತ್ತಿರುವವಳು ಅವಳು, ಇನ್ನು ಆ ಕೆಲಸ ಅವಳಿಗೇ ಇರಲೋ ದೇವಕ್ಕನಿಗೆ ತಿರುಗಿ ಬರಲೋ ಎಂದು ಇವತ್ತು ಕೈ ಎತ್ತಿಸುತ್ತಾರೆ, ನಗದೆ ಇರುವವಳನ್ನೇ ಹೆಚ್ಚು ನೋಡಬೇಕು.

ಮತ್ತೆ ಶೈಲಜಾ, ಬೈಲಹೊಂಗಲದಿಂದ ಪ್ರತಿ ಮಂಗಳವಾರ ಬಸ್ಸು ಹತ್ತಿ ಬಂದು ದೇವಕ್ಕನಿಗೆ ಮಾತು ಕಲಿಸುವ ಹುಡುಗಿ, ಅವಳೇ ಪರದೆಯ ಹತ್ತಿರ ನಿಂತಿದ್ದಾಳೆ, ಬೆರಳಿಗೆಲ್ಲ ಅಂಟು, ಅಂದರೆ ಅಂಟಿಸಿದವಳು ಇವಳೇ, ಹೋದ ವಾರ ಇವಳು ಮಹಾನಂದಾಳ ಮನೆಯಿಂದ ಫ್ಯಾಟು ಬರೆದಿಡುವ ವಹಿ ಹಿಡಿದು ಹೊರಬಂದದ್ದನ್ನು ದೇವಕ್ಕ ಕಂಡಿದ್ದಳು, ಕಂಡು ಕೇಳಲಾಗದೆ ಒಳಗೇ ಇಟ್ಟುಕೊಂಡಿದ್ದಳು. ದೇವಕ್ಕಾರ, ಇದು ನಿಮ್ಮ ಸಲವಾಗಿನ ಮಾಡೇನ್ರಿ, ಒಂದು ಅಕ್ಷರ ಇಲ್ಲ, ಒಂದು ಅಂಕಿ ಇಲ್ಲ, ನೋಡಿದ ಕೂಡಲೇ ತಿಳೀಬೇಕು, ಎಂದು ಶೈಲಜಾ ಪರದೆ ಸರಿಸಿದಳು, ಎದೆಯೆತ್ತರಕ್ಕೆ ಬಿಳಿ ಹಾಳೆ, ಅದರ ಮೇಲೆ ಬಣ್ಣದ ಕಾಗದದ ಎರಡು ಪಟ್ಟಿ, ನೀಲಿ ಪಟ್ಟಿಯ ಮಗ್ಗುಲಿಗೆ ದೇವಕ್ಕನ ಫೋಟೋ, ಹಸಿರು ಪಟ್ಟಿಯ ಮಗ್ಗುಲಿಗೆ ಮಹಾನಂದಾಳ ಫೋಟೋ, ನೀಲಿ ನಾಲ್ಕು ಬೆರಳು ಎತ್ತರ, ಹಸಿರು ಎಂಟು, ನಿಮ್ಮ ಕಾಲದಾಗಿನ ಫ್ಯಾಟು, ಮಹಾನಂದಕ್ಕಾರ ಕಾಲದಾಗಿನ ಫ್ಯಾಟು, ತಿಳೀತಲ್ಲರಿ — ಅಯ್ಯಯ್ಯ, ದುಪ್ಪಟ್ಟು ನೋಡವಾ, ಎಂದು ಬಾಯವ್ವ ಎದ್ದು ನಿಂತೇ ನೋಡಿದಳು. ತಿಳಿಯಿತು, ಅದೇ ಅಲ್ಲವೇ ತೊಂದರೆ, ಇಷ್ಟು ಬೇಗ ತಿಳಿದದ್ದನ್ನು ಅವಳು ಯಾವತ್ತೂ ನಂಬಿದವಳಲ್ಲ, ಸಂಘ ಆಗುವ ಮೊದಲು ಊರಿಗೆ ಬರುತ್ತಿದ್ದ ಹಾಲು ಕೊಳ್ಳುವ ವ್ಯಾಪಾರಿಯೂ ಹಾಗೇ ಥಟ್ಟನೆ ತಿಳಿಸುತ್ತಿದ್ದ, ನೋಡ್ರಿ ಅಕ್ಕಾ ನಿಮ್ಮ ಕಣ್ಣ ಮುಂದನ ಅಳೀತೇನಿ, ಅವನ ಲೀಟರಿನ ಅಳತೆಯ ತಳವನ್ನು ಒಳಗಿನಿಂದ ಬಡಿದು ತಗ್ಗಿಸಿದ್ದಾನೆಂದು ಯಾರು ನೋಡಿದ್ದರು, ಹಾಲು ಲೀಟರಿಗಿಂತ ಹೆಚ್ಚು ಹಿಡಿಯುತ್ತಿತ್ತು, ಒಂದು ದಿನ ಅದನ್ನು ಬೋರಲು ಹಾಕಿ ತಳದಲ್ಲಿ ಕೈಯಾಡಿಸಿದವಳು ಇವಳೇ, ಅಂದಿನಿಂದ ಯಾವ ಅಳತೆಯನ್ನೂ ತಳ ನೋಡದೆ ಒಪ್ಪಿಲ್ಲ, ಹೊಸದಿರಲಿ ಹಳೆಯದಿರಲಿ. ಈ ಪಟ್ಟಿಗಳ ತಳ ಎಲ್ಲಿ. ಎದ್ದಳು, ಹಾಳೆಯ ಕೆಳಗೆ ಬೆರಳಿಟ್ಟಳು, ತಳ ಎಲ್ಲಿ ಎಂದು ಕೇಳಹೋದಳು, ಬಾಯಿಂದ ಹುಣಸಿ ಎಂದು ಬಂತು, ಹುಣಸಿ, ಹುಣಸಿ, ಹಿಂದೆ ಯಾರೋ ನಗು ನುಂಗಿದರು, ಅವಳು ಹಾಳೆಯ ಕೆಳಗಿನ ಬರೀ ಗೋಡೆಯನ್ನು ಅಂಗೈಯಿಂದ ಬಡಿದಳು, ಇಲ್ಲಿ, ಇಲ್ಲಿ. ಶೈಲಜಾ ಗೋಡೆ ನೋಡಿದಳು, ತನ್ನ ಹಾಳೆ ನೋಡಿದಳು, ಕೆಳಗಿಂದು ಕತ್ತರಿಸೇನ್ರಿ ಅಕ್ಕಾರ, ಪೂರಾ ಮಾಡಿದ್ರ ನೆಲಾ ಮುಟ್ಟತಿತ್ತು, ಹಾಳಿ ಸಾಲಲಿಲ್ಲ, ಮತ್ತ ಫರಕು ನಿಮಗ ಚಂದಗ ಕಾಣ್ಲಿ ಅಂತ — ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಚಂದಗ ಕಾಣಲಿ ಅಂತ, ಯಾರಿಗೆ ಚಂದ, ಮಾತಿಲ್ಲದವಳಿಗೆ ಸುಲಭ ಮಾಡಹೋಗಿ ಮಾಡಿದ ತಪ್ಪೋ, ಯಾರೋ ಹೇಳಿ ಮಾಡಿಸಿದ್ದೋ, ಮಹಾನಂದಾಳ ಮುಖದಲ್ಲಿ ಏನೂ ಕಾಣುವುದಿಲ್ಲ, ಕ್ಯಾನು ಎಣಿಸಿ ಗೀಟು ಹಾಕುವ ಸೀಮೆಸುಣ್ಣದ ಖಡು ಕಿಟಕಿಯಲ್ಲಿತ್ತು, ತೆಗೆದುಕೊಂಡಳು, ನೀಲಿ ಪಟ್ಟಿಯ ಬುಡದಿಂದ ಗೀಟು ಎಳೆಯುತ್ತ ಬಗ್ಗಿದಳು, ಕೂತಳು, ನೆಲಕ್ಕೆ ಮುಟ್ಟಿಸಿದಳು, ಹಸಿರಿನ ಬುಡದಿಂದಲೂ ಎಳೆದು ನೆಲಕ್ಕೆ ಮುಟ್ಟಿಸಿದಳು, ಸೊಂಟ ಹಿಡಿದುಕೊಂಡು ಹಿಂದೆ ಸರಿದಳು, ಈಗ ಗೋಡೆಯ ಮೇಲೆ ಜೋಡಿ ಕಂಬ, ಎರಡೂ ಎದೆಯೆತ್ತರ, ದುಪ್ಪಟ್ಟು ಎಂದವಳು ತಿರುಗಿ ತನ್ನ ಜಾಗದಲ್ಲಿ ಕೂತಳು.

ಆತಲ್ಲವಾ, ಎರಡೂ ಹೆಚ್ಚೂ ಕಡಿಮಿ ಒಂದ ಅದಾವು, ಎಂದಳು ಸಾವಿತ್ರೆವ್ವ, ಎದೆ ಹಗುರಾಗುವಷ್ಟರಲ್ಲಿ ಮತ್ತೆ ಅದೇ ದನಿ, ಆದ್ರೂ ದೇವಕ್ಕಾ, ಮ್ಯಾಲೆ ನಾಲ್ಕು ಬೆರಳು ಉಳೀತಲ್ಲ, ಅದಂತೂ ಖರೇನ ಐತಿ, ಮಹಾನಂದಾಂದು ನಾಲ್ಕು ಬೆರಳು ಹೆಚ್ಚ ಐತಿ. ಹೌದು, ಉಳಿಯಿತು, ಆ ನಾಲ್ಕು ಬೆರಳು ಕತ್ತರಿಯದ್ದಲ್ಲ, ಹಾಲಿನದು, ಹಾಗಾದರೆ ತಾನು ಬೀಳುವ ಮೊದಲೇ ತನ್ನ ಕಣ್ಣು ಮಂಜಾಗಿತ್ತೇ, ಕೈ ತಪ್ಪಿತ್ತೇ, ಈಗ ಸಂಶಯ ತನ್ನ ಕಡೆಗೇ ತಿರುಗಿತು, ಯಂತ್ರ ತಾನೇ ಒರೆಸುತ್ತಿದ್ದಳಲ್ಲ, ಎರಡೆರಡು ಸಲ ನೋಡುತ್ತಿದ್ದಳಲ್ಲ, ಅದೇ ಎಮ್ಮೆಗಳು, ಅದೇ ಮೇವು, ಹಾಲಿಗೆ ಫ್ಯಾಟು ಎಲ್ಲಿಂದ ಏರಿತು, ಹಾಲು ತಂದವರ ಮುಖ ಒಂದೊಂದಾಗಿ ನೋಡುತ್ತ ಬಂದಳು, ಮೊದಲ ಸಾಲು, ಎರಡನೇ ಸಾಲು, ಬಾಯವ್ವ, ಬಾಗಿಲ ಬಳಿ ಬರೀ ನೆಲ — ಅಲ್ಲಿ ಯಲ್ಲವ್ವ ಕೂರುತ್ತಿದ್ದಳು, ಅವಳ ಜೊತೆ ಕೆಳಗಿನ ಓಣಿಯ ಇನ್ನೂ ನಾಲ್ಕು ಮನೆಯವರು, ಊರೆಲ್ಲ ಎಮ್ಮೆ ಕಟ್ಟಿದರೆ ಆ ಐದು ಮನೆಗಳಲ್ಲಿ ಮಾತ್ರ ಆಕಳು, ತೆಳು ಹಾಲು, ತೆಳು ಎಂದರೆ ನೀರು ಬೆರೆತದ್ದಲ್ಲ, ಆಕಳಿಂದು ಆಕಳಿನಂಗ ಇರತೈತಿ ಹಾಕವಾ ಎಂದು ದೇವಕ್ಕ ಹದಿನೆಂಟು ವರ್ಷ ಎಮ್ಮೆ ಹಾಲಿನ ಜೊತೆ ಸುರುವಿಸಿಕೊಂಡದ್ದು, ಮೊನ್ನೆ ಬೆಳಿಗ್ಗೆ ಯಲ್ಲವ್ವ ಹಾಲಿನ ಚೆಂಬು ಹಿಡಿದು ನೇಸರಗಿ ಬಸ್ಸು ಹತ್ತುತ್ತಿದ್ದಳು, ಮಗಳ ಮನೆಗೆ ಒಯ್ಯುತ್ತಾಳೇನೋ ಎಂದುಕೊಂಡಿದ್ದಳು, ಮಗಳ ಮನೆಗಲ್ಲ, ಹೋಟೆಲಿಗೆ ಮಾರಲು, ಇಲ್ಲಿ ಮಹಾನಂದಾ ಹಾಕಿಸಿಕೊಳ್ಳದೆ ತಿರುಗಿ ಕಳಿಸಿದ್ದಾಳೆ, ತೆಳು ಹಾಲಿನ ಐದು ಮನೆ ತೆಗೆದುಹಾಕಿದರೆ ಉಳಿದದ್ದು ತಾನಾಗಿ ದಪ್ಪ, ಇದಕ್ಕೆ ಯಾರ ಕೈಗುಣ ಬೇಕು. ಹೇಳಬೇಕು, ಒಂದೇ ಹೆಸರು ಸಾಕು, ಯ, ಯ, ನಾಲಿಗೆ ಹುಣಸಿ ಎಂದಿತು, ಬಾಗಿಲು ಎಂದಿತು, ಕೈ ಎತ್ತೋರು ಎತ್ರಿ ಇನ್ನ, ಹೊತ್ತಾತು, ಎಂದು ಯಾರೋ ಅವಸರ ಮಾಡುತ್ತಾರೆ, ದೇವಕ್ಕ ತನ್ನ ನಾಲ್ಕು ಬೆರಳು ಜೋಡಿಸಿ ಹಾಳೆಯ ಮೇಲೆ ನೀಲಿ ಮುಗಿದು ಹಸಿರು ಮುಗಿಯದ ಆ ಜಾಗದಲ್ಲಿ ಒತ್ತಿ ಹಿಡಿದಳು, ಇನ್ನೊಂದು ಕೈಯಿಂದ ಬಾಗಿಲ ಬಳಿಯ ಬರೀ ನೆಲ ತೋರಿಸಿದಳು, ಏನ ಅಂತಿ ದೇವಕ್ಕಾ, ಎಂದಳು ಸಾವಿತ್ರೆವ್ವ, ಶೈಲಜಾ ನೆಲ ನೋಡಿದಳು, ಗೋಡೆ ನೋಡಿದಳು, ಅವಳಿಗೂ ಸಿಗಲಿಲ್ಲ, ಮಹಾನಂದಾ ಒಬ್ಬಳೇ ಬಾಗಿಲ ಕಡೆ ತಿರುಗಿ ನೋಡಲಿಲ್ಲ, ತಲೆ ತಗ್ಗಿಸಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕೂತಳು, ಅವಳಿಗೆ ತಿಳಿದಿದೆ, ಈ ಕೋಣೆಯಲ್ಲಿ ಅವಳಿಗೊಬ್ಬಳಿಗೆ ತಿಳಿದಿದೆ, ಅವಳು ಹೇಳುವುದಿಲ್ಲ, ದೇವಕ್ಕನಿಗೆ ಬರುವುದಿಲ್ಲ, ಕೈ ತೆಗೆದರೆ ಅದು ಮತ್ತೆ ಬರೀ ಹಾಳೆ, ತೆಗೆಯಬಾರದು, ನಾಲ್ಕು ಬೆರಳು, ಯಲ್ಲವ್ವ ಕೂರುತ್ತಿದ್ದಷ್ಟು ಜಾಗ, ನಾಲ್ಕು ಬೆರಳು, ನಾಲ್ಕು ಬೆರಳು —