ಒಂದು ಹನಿ ಕುಡಿಯದ ಇಂಜಿನ್

ಇಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಪೇಪರಿನ ಚೂರಿನಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ ಎಳೆದು ನೋಡಿದಳು. ಆಯಿಲ್ ಮೇಲಿನ ಗೆರೆ ಮುಟ್ಟಿರಲಿಲ್ಲ. ಎಷ್ಟು ಕಡಿಮೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಹತ್ತೊಂಬತ್ತು ವರ್ಷದ ಕಣ್ಣಳತೆ. ಕಾಲು ಲೀಟರ್.

ಗಂಡ ಮುಂದಿನ ಕೋಣೆಯಲ್ಲಿ ಹೆಣವಾಗಿ ಮಲಗಿರುವಾಗ ಹೆಂಡತಿ ಶೆಡ್ಡಿನಲ್ಲಿ ಕಾರಿನ ಬಾನೆಟ್ ಎತ್ತಿಕೊಂಡು ನಿಂತಿದ್ದಾಳೆಂದರೆ ಜನ ಏನಂದುಕೊಂಡಾರು? ಅಂದುಕೊಳ್ಳಲಿ. ಮೈದುನ ಇವತ್ತೇ ಈ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮುನ್ನೂರು ಕಿಲೋಮೀಟರ್ ದೂರದ ತನ್ನೂರಿಗೆ ಹೊರಡುವವನು. ಕಾರು ನಿನಗೇ ಎಂದು ಅಣ್ಣ ಆಸ್ಪತ್ರೆಯಲ್ಲಿ ಮಾತು ಕೊಟ್ಟಿದ್ದ.

ಅವಳು ಬಗ್ಗಿ ನೆಲ ನೋಡಿದಳು. ಒಂದು ತೊಟ್ಟೂ ಸೋರಿರಲಿಲ್ಲ. ಗಂಡನನ್ನು ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ, ಭಾನುವಾರ, ತಾನೇ ಗೆರೆ ಮುಟ್ಟುವವರೆಗೆ ತುಂಬಿಸಿದ್ದಳು. ಆಮೇಲೆ ಹನ್ನೆರಡು ದಿನ ಕಾರು ಕದಲಿಲ್ಲ. ಹಾಳಾದ್ದು, ನಿಂತಲ್ಲೇ ನಿಂತು ಕುಡಿಯುವುದನ್ನೂ ಕಲಿಯಿತೇ?

ಅಂಗಳದಲ್ಲಿ ಮಾತು ನಡೆದಿತ್ತು. ತೀರಿಕೊಂಡವನು ಊರೂರು ತಿರುಗಿ ಅಂಗಡಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದವನು.

"ನನ್ನ ತಕ್ಕಡಿ ಹತ್ತು ಗ್ರಾಂ ಜಾಸ್ತಿ ತೋರಿಸ್ತಿತ್ತು," ಎಂದ ದಿನಸಿ ಅಂಗಡಿಯವನು. "ಇರಲಿ ಬಿಡಯ್ಯ, ಯಾರಿಗೆ ಗೊತ್ತಾಗುತ್ತೆ ಅಂದೆ. ನನ್ನ ಮುಖ ಕೂಡ ನೋಡದೆ ಸರಿ ಮಾಡಿಟ್ಟು ಹೋದ, ಪುಣ್ಯಾತ್ಮ."

"ಕಾರನ್ನೂ ಹಾಗೇ ಇಟ್ಟಿದ್ದ," ಎಂದ ಮೈದುನ. "ಹಳೇ ಟರ್ಬೋ ಡೀಸೆಲ್ಲು, ನಾಲ್ಕೂವರೆ ಲಕ್ಷ ಕಿಲೋಮೀಟರ್ ಓಡಿದೆ. ಆದರೂ ಒಂದು ಹನಿ ಆಯಿಲ್ ಕುಡಿಯಲ್ಲ ಅಂತ ಎದೆ ತಟ್ಟಿ ಹೇಳ್ತಿದ್ದ."

"ಯಜಮಾನನೂ ಕುಡೀಲಿಲ್ಲ, ಕಾರೂ ಕುಡೀಲಿಲ್ಲ," ಎಂದರು ಯಾರೋ. ಸಾವಿನ ಮನೆ ಎಂಬುದನ್ನು ಮರೆತು ಇಬ್ಬರು ನಕ್ಕರು.

ಪಕ್ಕದ ರಸ್ತೆಯ ಮೆಕ್ಯಾನಿಕ್ ಮಾತ್ರ ನಗಲಿಲ್ಲ. ಗೇಟಿನ ಬಳಿ ನಿಂತು ಉಗುರಿನ ಸಂದಿಯ ಕಪ್ಪು ಕೆರೆಯುತ್ತಿದ್ದ.

ಶೆಡ್ಡಿನಲ್ಲಿ ಅವಳಿಗೆ ಎಲ್ಲವೂ ಕೇಳಿಸಿತು. ಈಗ ನಿಜ ಹೇಳಿದರೆ ಗಂಡನ ಮಾತು ಅವನ ಹೆಣದ ಮುಂದೆಯೇ ಸುಳ್ಳಾಗುತ್ತದೆ. ಹೇಳದಿದ್ದರೆ ಇಂಜಿನ್ ದಾರಿಯಲ್ಲೇ ಕೈಕೊಟ್ಟು ಆ ಮಕ್ಕಳು ರಸ್ತೆಪಾಲು. ಅವಳು ಸದ್ದಾಗದಂತೆ ಬಾನೆಟ್ ಇಳಿಸಿದಳು.

*

ಹತ್ತೊಂಬತ್ತು ವರ್ಷದ ಹಿಂದೆ ಅವನು ಎರಡು ದಿನ ಮನೆಗೆ ಬಂದಿರಲಿಲ್ಲ. ಸುದ್ದಿಯೂ ಇಲ್ಲ. ಟರ್ಬೋಗೆ ಆಯಿಲ್ ಹೋಗುವ ಪೈಪು ಬಿರುಕು ಬಿಟ್ಟು, ನರಪಿಳ್ಳೆಯಿಲ್ಲದ ರಸ್ತೆಯಲ್ಲಿ ಕಾರು ನಿಂತುಬಿಟ್ಟಿತ್ತು. ಆ ಎರಡು ದಿನ ಅವಳು ಗೇಟು ಬಿಟ್ಟು ಅಲ್ಲಾಡಲಿಲ್ಲ. ಮೂರನೆಯ ದಿನ ಕಾರನ್ನು ಲಾರಿಗೆ ಕಟ್ಟಿಸಿಕೊಂಡು ಬಂದವನು, "ಯಾಕೆ ಹೀಗೆ ಸೊರಗಿದ್ದೀಯ, ಊಟ ಮಾಡಿಲ್ವಾ?" ಎಂದು ಕೇಳಿದ. ಅವಳಿಗೆ ಎರಡು ಬಾರಿಸುವಷ್ಟು ಸಿಟ್ಟು ಬಂತು.

ರಿಪೇರಿಯಾದರೂ ಭಯ ಹೋಗಲಿಲ್ಲ. ಕಡ್ಡಿ ನೋಡುವುದನ್ನು ಮೆಕ್ಯಾನಿಕ್‌ನಿಂದ ಕಲಿತಳು. ಆಯಿಲ್ ಸ್ವಲ್ಪ ಇಳಿದಿದ್ದು ಕಂಡು ಗಂಡನಿಗೆ ಹೇಳಿದರೆ, "ನನ್ನ ಇಂಜಿನ್ನಾ? ಒಂದು ಹನಿ ಕುಡಿಯಲ್ಲ, ಸುಮ್ಮನಿರೇ," ಎಂದ. ಸುಮ್ಮನಾದಳು. ಆದರೆ ಆ ಭಾನುವಾರ ಅವನು ಸ್ನಾನಕ್ಕೆ ಹೋದ ಕೂಡಲೇ ಗೆರೆ ಮುಟ್ಟುವಷ್ಟು ಸುರಿದು, ಒರೆಸಿದ ಪೇಪರನ್ನು ಒಲೆಗೆ ಹಾಕಿದಳು. ಮೆಕ್ಯಾನಿಕ್ ಗುಟ್ಟಾಗಿ ತಂದುಕೊಟ್ಟಿದ್ದ ಆಯಿಲ್ ಟಿನ್ನನ್ನು ಹಳೇ ಬಟ್ಟೆಗಳ ಕೆಳಗೆ ಬಚ್ಚಿಟ್ಟಳು. ಮುಂದಿನ ಭಾನುವಾರ ಆಯಿಲ್ ತುಂಬಿಯೇ ಇತ್ತು. ನಂಬಲಾರದೆ ನಾಲ್ಕು ಸಲ ಕಡ್ಡಿ ಎಳೆದು ನೋಡಿದಳು. ಎಲ್ಲೋ ಏನೋ ತಪ್ಪಿದೆ ಎನಿಸಿ ಆ ವಾರವಿಡೀ ನಿದ್ದೆ ಹತ್ತಲಿಲ್ಲ. ಅದರ ಮುಂದಿನ ಭಾನುವಾರ ಕಾಲು ಲೀಟರ್ ಇಳಿದಿತ್ತು. ಸುರಿದಳು, ಮನಸ್ಸು ಹಗುರಾಯಿತು. ಆಮೇಲೆ ಅವನು ಆಸ್ಪತ್ರೆ ಸೇರುವವರೆಗೆ ಒಂದು ಭಾನುವಾರವೂ ತಪ್ಪಿರಲಿಲ್ಲ.

*

ಸ್ಮಶಾನದಿಂದ ಹಿಂತಿರುಗಿದಾಗ ಮಧ್ಯಾಹ್ನವಾಗಿತ್ತು. ಮೈದುನನ ಹೆಂಡತಿ ಚೀಲಗಳನ್ನು ಹೊರಗಿಡುತ್ತಿದ್ದಳು.

"ಅತ್ತಿಗೆ, ಕೀ ಕೊಡ್ತೀರಾ? ಕತ್ತಲಾಗೋದ್ರೊಳಗೆ ಸೇರ್ಕೋಬೇಕು," ಎಂದ ಮೈದುನ.

ಅವಳು ಕೊಡಲಿಲ್ಲ. ಅವನನ್ನೂ ಮೆಕ್ಯಾನಿಕ್‌ನನ್ನೂ ಶೆಡ್ಡಿಗೆ ಕರೆದಳು.

"ನಿಮ್ಮಣ್ಣ ಹೇಳ್ತಿದ್ದಿದ್ದು ನಿಜ ಅಲ್ಲಪ್ಪ. ಈ ಕಾರು ಆಯಿಲ್ ಕುಡಿಯುತ್ತೆ. ವಾರಕ್ಕೆ ಕಾಲು ಲೀಟರ್. ನಾನೇ ಕದ್ದು ಹಾಕ್ತಿದ್ದೆ. ಪಾಪ, ಅವರಿಗೆ ಗೊತ್ತೇ ಆಗ್ಲಿಲ್ಲ." ಅವಳು ಬಾನೆಟ್ ಮೇಲೆ ಕೈಯಿಟ್ಟಳು. "ಈಗಂತೂ ನಿಂತಲ್ಲೇ ಕುಡೀತಿದೆ. ಮಕ್ಕಳನ್ನ ಇದರಲ್ಲಿ ಕರ್ಕೊಂಡು ಹೋಗ್ಬೇಡ."

ಮೈದುನ ಮೆಕ್ಯಾನಿಕ್‌ನ ಕಡೆ ತಿರುಗಿದ.

"ಅಕ್ಕ," ಎಂದ ಮೆಕ್ಯಾನಿಕ್, "ಆ ಇಂಜಿನ್ ಒಂದು ಹನಿನೂ ಕುಡಿಯಲ್ಲ."

"ಟಿನ್ನು ತಂದ್ಕೊಟ್ಟೋನೇ ನೀನು. ಈಗ ಹೀಗಂತೀಯಲ್ಲೋ!"

"ಬೈಯಿರಿ, ತಪ್ಪಿಲ್ಲ. ಮೊದಲನೇ ವಾರ ಇಳಿದಿದ್ದು ನಿಜ. ಪೈಪಿನ ವಾಷರ್ ನಾನು ಸರಿಯಾಗಿ ಕೂರಿಸಿರ್ಲಿಲ್ಲ. ಅದನ್ನ ಬದಲಾಯಿಸಿದ ಮೇಲೆ ನಿಂತೋಯ್ತು. ಆದರೆ ನೀವು ನಾಲ್ಕು ಸಲ ಕಡ್ಡಿ ಎಳೆದು ನೋಡಿದ್ದನ್ನ ಅಣ್ಣ ಬಚ್ಚಲ ಕಿಟಕಿಯಿಂದ ನೋಡಿದ್ರಂತೆ. 'ಆಯಿಲ್ ಇಳೀದೆ ತುಂಬಿಯೇ ಇದ್ರೆ ಅವಳಿಗೆ ನಿದ್ದೆ ಬರಲ್ಲ ಕಣೋ, ಸುರಿದ್ರೇನೇ ಬರೋದು' ಅಂದ್ರು. ಆ ವಾರದಿಂದ ಪ್ರತಿ ಶನಿವಾರ ಕಡ್ಡಿ ತೂತಿಗೆ ಸಣ್ಣ ಪೈಪು ಇಳಿಸಿ ಕಾಲು ಲೀಟರ್ ಎಳೆದು ತೆಗೀತಿದ್ರು. ಗ್ರಾಂ ಆಚೀಚೆ ಆಗಬಾರದು ಅಂತ ತಕ್ಕಡಿಯಲ್ಲಿ ತೂಗಿ ನೋಡ್ತಿದ್ರು."

"ಹತ್ತೊಂಬತ್ತು ವರ್ಷ?"

"ಹತ್ತೊಂಬತ್ತು ವರ್ಷ. ವಾರ ವಾರ ಹೊಸ ಆಯಿಲ್ ಬಿದ್ದು ಬಿದ್ದೇ ಆ ಟರ್ಬೋ ಇಷ್ಟು ಬಾಳಿದ್ದು. ಜನ ನನ್ನ ಕೈಗುಣ ಅಂತಾರೆ. ನಂದೇನಿಲ್ಲ ಅಕ್ಕ."

"ಹಾಗಾದ್ರೆ ಈಗ ಇಳಿದಿರೋದು?"

ಮೆಕ್ಯಾನಿಕ್ ನೆಲ ನೋಡಿದ. "ಹೋದ ಶನಿವಾರ ಆಸ್ಪತ್ರೆಯಿಂದ ಫೋನ್ ಮಾಡಿದ್ರು. ಮಾತು ಸರಿಯಾಗಿ ಹೊರಡ್ತಿರ್ಲಿಲ್ಲ. 'ನಾಳೆ ಅವಳನ್ನ ಮನೆಗೆ ಕಳಿಸ್ತೀನಿ, ಕಾಲು ಲೀಟರ್ ತೆಗೆದಿಡು' ಅಂದ್ರು. ತೆಗೆದಿಟ್ಟೆ."

ಆ ಭಾನುವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಗಂಡ ಒಂದೇ ಸಮನೆ ಪೀಡಿಸಿದ್ದ: ಒಂದು ಗಳಿಗೆ ಮನೆಗೆ ಹೋಗಿ ಬಾರೇ, ಹೋಗಿ ಬಾರೇ. ಈ ಸ್ಥಿತಿಯಲ್ಲಿ ಬಿಟ್ಟು ಹೋಗೋಕೆ ನನಗೇನು ತಲೆ ಕೆಟ್ಟಿದೆಯಾ ಎಂದು ಅವಳು ಗದರಿದ್ದಳು. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬೇಜಾರಾಯಿತೇನೋ ಎಂದುಕೊಂಡಿದ್ದಳು, ಅಷ್ಟೇ.

ಅವಳು ಒಳಗೆ ಹೋಗಿ ಬಟ್ಟೆಗಳ ಕೆಳಗಿನಿಂದ ಹೊಸ ಟಿನ್ನು ತಂದಳು. ಅಂಗಳದಲ್ಲಿದ್ದವರೆಲ್ಲ ನೋಡುತ್ತಿದ್ದರು. ಬಾನೆಟ್ ಎತ್ತಿ, ಮುಚ್ಚಳ ಬಿಚ್ಚಿ, ನಿಧಾನವಾಗಿ ಸುರಿದಳು. ಎಲ್ಲ ಕೆಳಗಿಳಿಯುವವರೆಗೆ ಕಾದು, ಕಡ್ಡಿ ಎಳೆದು, ಉಟ್ಟ ಬಟ್ಟೆಯ ಅಂಚಿಗೇ ಒರೆಸಿದಳು. ಮತ್ತೆ ಇಳಿಸಿ ಎಳೆದು ಬೆಳಕಿಗೆ ಹಿಡಿದಳು. ಆಯಿಲ್ ಗೆರೆ ಮುಟ್ಟಿತ್ತು.

"ಇನ್ಮೇಲೆ ವಾರ ವಾರ ನಾನು ನೋಡ್ಬೇಕಾ, ಅತ್ತಿಗೆ?" ಮೈದುನ ಮೆಲ್ಲಗೆ ಕೇಳಿದ.

"ಒಂದು ಹನಿ ಕುಡಿಯಲ್ಲ ಕಣಪ್ಪ," ಎಂದು ಕೀ ಅವನ ಕೈಗಿಟ್ಟಳು. "ಧೈರ್ಯವಾಗಿ ಹೋಗು."

ಕಾರು ಗೇಟು ದಾಟಿ ರಸ್ತೆಯ ತಿರುವಿನಲ್ಲಿ ಮರೆಯಾಯಿತು. ಅವಳು ಖಾಲಿ ಶೆಡ್ಡಿನಲ್ಲಿ ಟಿನ್ನು ಹಿಡಿದು ನಿಂತೇ ಇದ್ದಳು. ಅದರಲ್ಲಿ ಇನ್ನೂ ಮೂರು ಭಾನುವಾರಕ್ಕಾಗುವಷ್ಟು ಆಯಿಲ್ ಉಳಿದಿತ್ತು.