ಜುದಾಸನ ಮುತ್ತು

ಕೊಲ್ಲಿ ನಾಡಿನ ಮನಾಮಾದ ಚರ್ಚ್ ಹಾಲಿನಲ್ಲಿ ಯೇಸುವಿನ ಬಂಧನದ ನಾಟಕ. ಕಲಿಸುವ ಕರ್ಮ ನನ್ನದು. ಪ್ರಧಾನ ಯಾಜಕ ಹಣ ಕೊಟ್ಟು ಕಳಿಸಿದ ಜುದಾಸ ಯಾರಿಗೆ ಮುತ್ತಿಡುತ್ತಾನೋ ಅವನನ್ನು ಸೈನಿಕರು ಹಿಡಿಯಬೇಕು. ಜುದಾಸನಾದ ಕ್ಲೆಮೆಂಟ್, ಯೇಸುವಾದ ಆರನ್ ಇಬ್ಬರೂ ಅರಬರ ಜೊತೆ ದುಡಿದು ಕೆನ್ನೆಗೆ ಕೆನ್ನೆ ಮುತ್ತಿಡುವ ಅವರ ಸಲಾಮಿಗೆ ಪಳಗಿದವರು. ಕ್ಲೆಮೆಂಟ್ ಆರನ್‌ನ ಕೆನ್ನೆಗೆ ಮುತ್ತಿಟ್ಟ. ಅಭ್ಯಾಸಬಲದಿಂದ ಆರನ್ ಕೂಡ ಅವನ ಎರಡೂ ಕೆನ್ನೆಗೆ ಮುತ್ತಿಟ್ಟು, ಮನೆಯವರ ಕ್ಷೇಮ ಬೇರೆ ವಿಚಾರಿಸಿದ!

ಸೈನಿಕರು ಕಕ್ಕಾಬಿಕ್ಕಿಯಾದರು. "ಈಗ ಯಾರನ್ನು ಹಿಡಿಯುವುದು ಮಾರಾಯ್ರೆ?"

"ನನ್ನ ತಲೆ!" ಎಂದು ಕಿರುಚಿದೆ.

ಪ್ರಧಾನ ಯಾಜಕನ ವೇಷದ ರೋನ್ಸನ್ ನಗುತ್ತಲೇ ಎದ್ದುಬಂದು ಸೈನಿಕರ ಮುಂದೆ ಎರಡೂ ಕೈ ಚಾಚಿದ. "ಅವರಿಬ್ಬರನ್ನೂ ಬಿಡಿ. ಮುತ್ತಿಡ್ಲಿಕ್ಕೆ ಕಳಿಸಿದ್ದು ನಾನಲ್ವಾ? ನನ್ನನ್ನೇ ಹಿಡೀರಿ."